ಒಂದೇ ಹೆಸರಿನ ನಾಲ್ಕು ಕ್ಯಾಸೆಟ್

"ಯಾರ್ರೀ ಇದನ್ನ ಅಳಿಸಿದ್ದು?"

ಆ ಧ್ವನಿಗೆ ಸೈಬರ್ ಸೆಂಟರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹಂಸ ಕೀಬೋರ್ಡಿನಿಂದ ಕೈ ತೆಗೆದಳು. ಕೌಂಟರಿನ ಆಚೆ ನಿಂತಿದ್ದವನ ಕೈಯಲ್ಲಿ ನಿನ್ನೆ ಅವಳೇ ಟೈಪ್ ಮಾಡಿಟ್ಟಿದ್ದ ಹಾಳೆಗಳಿದ್ದವು.

"ನಾನೇ. ಯಾಕೆ?"

"ಮೂರು ಸಾಲು ಮಾಯವಾಗಿವೆ!"

"ಒಂದೇ ಹೆಸರನ್ನ ನಾಲ್ಕು ಸಲ ಬರೆದಿದ್ರಿ ಸರ್. ಮರೆತು ಬರೆದಿರ್ಬೇಕು ಅಂತ ಮೂರು ತೆಗೆದೆ. ಉಪಕಾರ ಮಾಡಿದೀನಿ!"

"ಉಪಕಾರಾನಾ? ಅವು ನಾಲ್ಕೂ ಬೇರೆ ಬೇರೆ ಕಣ್ರೀ!"

ಹಂಸಳ ಕಿವಿ ಕೆಂಪಾಯಿತು. ಎಲ್ಲರೆದುರು ಹೀಗೆ ಕೂಗಾಡುವುದಾ? "ಹೆಸರು ಒಂದೇ ಆದ್ಮೇಲೆ ಬೇರೆ ಹೇಗಾಗುತ್ತೆ?"

ಅವನು ಹೆಗಲ ಚೀಲದಿಂದ ನಾಲ್ಕು ಕ್ಯಾಸೆಟ್ ತೆಗೆದು ಕೌಂಟರಿನ ಮೇಲೆ ಸಾಲಾಗಿ ಇಟ್ಟ. ಹಾಡಿನ ಕ್ಯಾಸೆಟ್ ಅಲ್ಲ. ಟಿವಿಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮಿನವು. ಕೆಂಪು, ಬೂದು, ಹಳದಿ, ಕಪ್ಪು. ನಾಲ್ಕರ ಮೇಲೂ ಅದೇ ಯುದ್ಧ ಟ್ಯಾಂಕಿನ ಚಿತ್ರ, ಅದೇ ಹೆಸರು.

"ಕೆಂಪು ಮೊದಲು ಬಂತು. ಬೂದು, ಹಳದಿ ಬೇರೆ ಬೇರೆ ಕಂಪನಿಯವು. ಈ ಕಪ್ಪಿನ ಒಳಗೆ ಆಟವೇ ಬೇರೆ, ಮೇಲಿನ ಚಿತ್ರ ಮಾತ್ರ ಕದ್ದಿದ್ದು. ಯಾವುದನ್ನ ಬಿಟ್ರೂ ಅದು ಈ ಊರಿಗೆ ಬಂದೇ ಇರ್ಲಿಲ್ಲ ಅಂದ ಹಾಗೆ..."

ಕೊನೆಯ ಮಾತು ಹೇಳುವಾಗ ಅವನ ಧ್ವನಿ ತಗ್ಗಿತು. ಆ ಕ್ಯಾಸೆಟ್‌ಗಳನ್ನು ಅವನು ನೋಡುತ್ತಿದ್ದ ರೀತಿಗೆ ಹಂಸಳ ಸಿಟ್ಟು ಅರ್ಧ ಇಳಿಯಿತು.

"ಕೂತ್ಕೊಳ್ಳಿ. ಈಗ್ಲೇ ಸೇರಿಸ್ತೀನಿ."

ಅದು ೨೦೦೧ನೇ ಇಸವಿ. ಹೊಳೆನರಸೀಪುರದ ನಿವೃತ್ತ ಮೇಷ್ಟ್ರು ಚನ್ನಕೇಶವಯ್ಯನವರ ಒಬ್ಬಳೇ ಮಗಳು ಹಂಸ ದಿನಾ ಬಸ್ಸಿನಲ್ಲಿ ಹಾಸನಕ್ಕೆ ಬಂದು ಆ ಸೈಬರ್ ಸೆಂಟರಿನಲ್ಲಿ ಕೆಲಸ ಮಾಡುತ್ತಿದ್ದಳು. ಅವನು ಕಾಂತರಾಜು. ಹಳೇಕೋಟೆಯ ಜಮೀನ್ದಾರರ ಮನೆಯ ಹುಡುಗ, ಹಾಸನದ ಖಾಸಗಿ ಕಾಲೇಜೊಂದರಲ್ಲಿ ಕಾಮರ್ಸ್ ಪಾಠ ಹೇಳುತ್ತಿದ್ದ.

ಆಮೇಲೆ ಅವನು ವಾರಕ್ಕೆರಡು ಸಲ ಬರತೊಡಗಿದ. ಹೊರದೇಶಗಳಲ್ಲಿ ಹಳೆಯ ಗೇಮ್ ಕ್ಯಾಸೆಟ್ ಕೂಡಿಡುವವರ ದೊಡ್ಡ ಬಳಗವೇ ಇದೆಯಂತೆ. ಯಾವ ದೇಶದಲ್ಲಿ ಯಾವ ವರ್ಷ ಯಾವ ಆಟ ಬಿಡುಗಡೆಯಾಯಿತು ಎಂದು ಅವರು ಪಟ್ಟಿ ಮಾಡಿಡುತ್ತಾರಂತೆ. ತಮ್ಮಲ್ಲಿರುವುದಕ್ಕೆ ಗುರುತು ಹಾಕಿಕೊಂಡು, ಇಲ್ಲದ್ದನ್ನು ಹುಡುಕುತ್ತಾರಂತೆ. ಜಪಾನಿನ ಪಟ್ಟಿ ಇತ್ತು, ಅಮೆರಿಕದ್ದಿತ್ತು. ನಮ್ಮ ದೇಶದ ಜಾಗ ಖಾಲಿ. ಅದನ್ನು ತುಂಬಲು ಹೊರಟಿದ್ದ ಅವನು.

"ನಮ್ಮೂರಲ್ಲೂ ಮಕ್ಕಳು ಆಡಿದ್ವಲ್ಲ... ಯಾರೂ ಬರೆದಿಡಲಿಲ್ಲ ಅಷ್ಟೇ" ಎಂದ ಕಾಂತರಾಜು.

ಒಂದು ಕ್ಯಾಸೆಟ್ಟಿನ ಮೇಲೆ ಒಂಬತ್ತು ಸಾವಿರ ಆಟ ಎಂದು ಬರೆದಿತ್ತು. ಹಾಕಿ ನೋಡಿದರೆ ಇದ್ದದ್ದು ಏಳು. ಅವೇ ಸುತ್ತಿ ಸುತ್ತಿ ಬರುತ್ತಿದ್ದವು. "ಇದನ್ನ ಹೇಗ್ರೀ ಬರೆಯೋದು? ಏಳಾ, ಒಂಬತ್ತು ಸಾವಿರಾನಾ?" ಎಂದು ಹಂಸ ನಕ್ಕಾಗ ಅವನೂ ನಕ್ಕ. ಆ ನಗು ಅವಳ ಜೊತೆ ಬಸ್ಸು ಹತ್ತಿ ಊರಿನವರೆಗೂ ಬಂತು!

ಭಾನುವಾರಗಳಂದು ಇಬ್ಬರೂ ಹಳೇ ಕ್ಯಾಸೆಟ್ ಹುಡುಕಿಕೊಂಡು ಚನ್ನರಾಯಪಟ್ಟಣ, ಅರಕಲಗೂಡು ಎಂದು ಅಲೆದರು. ಅರಕಲಗೂಡಿನ ಗುಂಡಯ್ಯನ ಫ್ಯಾನ್ಸಿ ಸ್ಟೋರಿನ ಅಟ್ಟದಲ್ಲಿ ಮಾರಾಟವಾಗದೆ ಉಳಿದ ಕ್ಯಾಸೆಟ್‌ಗಳ ಒಂದು ಪೆಟ್ಟಿಗೆಯೇ ಸಿಕ್ಕಿತು.

"ತಗೊಂಡ್ ಓಗಿ ಸಾ, ಇಲಿ ಕಡ್ದ್ ಆಳಾಗೋಕ್ ಮುಂಚೆ" ಎಂದ ಗುಂಡಯ್ಯ.

ಅಟ್ಟ ಹತ್ತಿ ತಂದವಳು ಹಂಸ. ಹೆಸರು ಓದಿ ಹೇಳಿದವಳೂ ಅವಳೇ. ಕಾಂತರಾಜು ಕೆಳಗೆ ಬಾಗಿಲ ಬೆಳಕಿನಲ್ಲೇ ನಿಂತಿದ್ದ.

'ನನ್ನ ಕೈಲಿ ಕೆಲಸ ಮಾಡಿಸೋದು ಅಂದ್ರೆ ಇವರಿಗೆ ಖುಷಿ' ಎಂದುಕೊಂಡಳು ಅವಳು. ಮೈತುಂಬಾ ಧೂಳಾಗಿದ್ದರೂ ಮನಸ್ಸು ಹಗುರವಾಗಿತ್ತು.

ಸಂಜೆಯಾದರೆ ಮಾತ್ರ ಅವನು ಚಡಪಡಿಸುತ್ತಿದ್ದ. ಕಾಫಿ ಅರ್ಧಕ್ಕೇ ಬಿಟ್ಟು "ಬಸ್ಸಿದೆ" ಎಂದು ಎದ್ದುಬಿಡುತ್ತಿದ್ದ. ಕೇಳಿದರೆ ನಕ್ಕು ಸುಮ್ಮನಾಗುತ್ತಿದ್ದ.

ಆ ವರ್ಷ ಕಳೆಯುವುದರೊಳಗೆ ಹಂಸಳಿಗೆ ತನ್ನ ಮನಸ್ಸು ಗೊತ್ತಾಗಿತ್ತು. ಅವನ ಮನಸ್ಸೂ ಗೊತ್ತಾಗಿದೆ ಎಂದುಕೊಂಡಳು. ಒಂದು ದಿನ ಧೈರ್ಯ ಮಾಡಿ ಅಪ್ಪನ ಮುಂದೆ ಕೂತಳು.

ಚನ್ನಕೇಶವಯ್ಯ ಕನ್ನಡಕ ತೆಗೆದು ಶಲ್ಯದ ಅಂಚಿನಲ್ಲಿ ಒರೆಸತೊಡಗಿದರು. ಜಾತಿ ಬೇರೆ, ಆಚಾರ ಬೇರೆ. ಅಗ್ರಹಾರದ ಬೀದಿ ಏನನ್ನುತ್ತದೋ...

"ಹಂಸು, ಒಂದ್ಸಲ ಅವನ ಜೊತೆ ಮಾತಾಡ್ತೀನಿ. ಮನೇಲಿ ಬೇಡ, ನಿಮ್ಮಮ್ಮ ತಡ್ಕೊಳ್ಳಲ್ಲ. ಬಸ್ ಸ್ಟ್ಯಾಂಡಿಗೆ ಬರೋಕೆ ಹೇಳು."

ಅವಳ ಕಣ್ಣು ತುಂಬಿ ಬಂತು. ಅಪ್ಪ ಇಷ್ಟು ಸುಲಭವಾಗಿ ಬಾಗುತ್ತಾರೆ ಎಂದುಕೊಂಡಿರಲೇ ಇಲ್ಲ!

ಕಾಂತರಾಜುವಿಗೆ ಹೇಳಿದಾಗ ಅವನ ಮುಖದಲ್ಲಿ ಸಂತೋಷವೂ ಅಂಜಿಕೆಯೂ ಒಟ್ಟಿಗೆ ಬಂದವು. "ನಾಲ್ಕು ಗಂಟೆಗೆಲ್ಲ ಬರ್ತೀನಿ. ನಿಮ್ಮಪ್ಪನಿಗೆ ಹೇಳೋದೂ ಒಂದಿದೆ" ಎಂದ.

ಭೇಟಿಯ ದಿನ ಹಾಸನದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಅಪ್ಪ, ಮಗಳು ಕಲ್ಲುಬೆಂಚಿನ ಮೇಲೆ ಕಾದೇ ಕಾದರು. ಬಸ್ಸು ಬರುವಾಗ ಹೊತ್ತು ಮುಳುಗಿತ್ತು, ಊರಿಗೆ ಕರೆಂಟೂ ಇರಲಿಲ್ಲ. ಅಂಗಡಿಗಳಲ್ಲಿ ಒಂದೆರಡು ಪೆಟ್ರೋಮ್ಯಾಕ್ಸ್ ಉರಿಯುತ್ತಿದ್ದವು.

ಕಾಂತರಾಜು ಇಳಿದ. ಇಸ್ತ್ರಿ ಮಾಡಿದ ಬಿಳಿ ಶರ್ಟು.

ಹಂಸ ಎದ್ದು ನಿಂತು ನಕ್ಕಳು, ಕೈ ಎತ್ತಿದಳು. ಅವನು ನೇರವಾಗಿ ಅವಳತ್ತಲೇ ನೋಡಿದ. ಒಂದು ಕ್ಷಣ... ಎರಡು ಕ್ಷಣ...

ಮುಖ ತಿರುಗಿಸಿದ!

ಅವರ ಪಕ್ಕದಲ್ಲೇ ನಡೆದುಹೋದ. ಅವನ ಚೀಲ ಚನ್ನಕೇಶವಯ್ಯನವರ ಶಲ್ಯಕ್ಕೆ ತಗುಲಿತು. ತಿರುಗಿಯೂ ನೋಡಲಿಲ್ಲ. ಆ ಕಡೆ ಯಾರೋ ಅವನನ್ನು ಬೈದರು. ಸ್ವಲ್ಪ ಹೊತ್ತು ಕಂಬ ಹಿಡಿದು ನಿಂತಿದ್ದವನು ಕಂಡಕ್ಟರು 'ಹಾಸನ, ಹಾಸನ' ಎಂದು ಕೂಗಿದತ್ತ ಹೋಗಿ ವಾಪಸ್ ಹೊರಟ ಬಸ್ಸು ಹತ್ತಿದ.

ಹಂಸಳಿಗೆ ಕೂಗಬೇಕೆನಿಸಿತು. ಆದರೆ ಅಪ್ಪನ ಮುಂದೆ, ಹುಟ್ಟಿದೂರಿನ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಗಂಡಸಿನ ಹೆಸರು ಹಿಡಿದು ಹೇಗೆ ಕೂಗುವುದು? ಎತ್ತಿದ ಕೈ ಇಳಿಸಿದಳು.

"ಅವನೇನಮ್ಮಾ?" ಎಂದರು ಅಪ್ಪ.

ಅವಳು ಹೌದೆಂದು ತಲೆಯಾಡಿಸಿದಳು.

"ಬಾ, ಮನೆಗೆ ಹೋಗೋಣ." ಅಷ್ಟೇ. ಅಪ್ಪ ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅವನು ಮತ್ತೆ ಸೈಬರ್ ಸೆಂಟರಿಗೆ ಬಂದದ್ದು ನಾಲ್ಕಾರು ದಿನ ಬಿಟ್ಟು, ಮಟ ಮಟ ಮಧ್ಯಾಹ್ನ. ಮುಖ ಬಾಡಿತ್ತು.

"ಅವತ್ತು ನಮ್ಮನ್ನ ನೋಡಿಯೂ ಹೋದ್ರಲ್ವಾ?" ಹಂಸ ಕೀಬೋರ್ಡನ್ನು ಪಕ್ಕಕ್ಕೆ ತಳ್ಳಿದಳು. "ಇಲ್ಲ ಅನ್ನಿ. ಒಂದೇ ಒಂದು ಸಲ ಇಲ್ಲ ಅನ್ನಿ, ನಂಬ್ತೀನಿ!"

ಅವನು ತಲೆ ತಗ್ಗಿಸಿದ.

"ಹೌದು. ನೋಡ್ದೆ. ನಮ್ಮಿಬ್ಬರಿಗೆ ಹೊಂದಲ್ಲ ಅನ್ನಿಸ್ತು."

ಹಂಸ ಪಟ್ಟಿಯ ಹಾಳೆಗಳನ್ನೆಲ್ಲ ಒಟ್ಟು ಮಾಡಿ ಅವನ ಕೈಗಿಟ್ಟಳು. "ಇನ್ಮೇಲೆ ಬೇರೆ ಕಡೆ ಟೈಪ್ ಮಾಡಿಸ್ಕೊಳ್ಳಿ."

ಆ ತಿಂಗಳೇ ಕೆಲಸ ಬಿಟ್ಟಳು.

ವರ್ಷಗಳು ಹೋದವು. ಬಿ.ಎಡ್. ಮಾಡಿ ಚನ್ನರಾಯಪಟ್ಟಣದ ಶಾಲೆಯೊಂದರಲ್ಲಿ ಟೀಚರ್ ಆದಳು. ಗಂಡುಗಳು ಬಂದು ನೋಡಿಹೋದರು. ಅಮ್ಮ ಅತ್ತಳು, ಬೈದಳು, ಕೊನೆಗೆ ಕೇಳುವುದನ್ನೇ ಬಿಟ್ಟಳು. ಅಪ್ಪ ಆ ಸಂಜೆಯ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ೨೦೦೭ರಲ್ಲಿ, ಹೃದಯಾಘಾತವಾಗಿ ಹೋಗಿಬಿಟ್ಟರು. ತನ್ನಿಂದ ಅಪ್ಪನಿಗೆ ಬೀದಿಯಲ್ಲಿ ಅವಮಾನವಾಯಿತು ಎಂಬ ನೋವು ಹಂಸಳ ಎದೆಯಲ್ಲಿ ಹಾಗೇ ಉಳಿಯಿತು.

ಮರುವರ್ಷ ಪರೀಕ್ಷೆಯ ಕೆಲಸಕ್ಕೆ ಅವಳನ್ನು ಅರಕಲಗೂಡಿಗೆ ಹಾಕಿದರು. ಕೆಲಸ ಮುಗಿಸಿ ಬರುವಾಗ ಗುಂಡಯ್ಯನ ಅಂಗಡಿ ಕಂಡಿತು. ನೋಡಬಾರದು ಎಂದುಕೊಂಡೇ ನೋಡಿದಳು.

"ಅಯ್ಯೋ, ನೀವಾ ತಾಯಿ!" ಗುಂಡಯ್ಯ ಗುರುತು ಹಿಡಿದೇಬಿಟ್ಟ. "ಎಷ್ಟ್ ವರ್ಸ ಆಗೋಯ್ತು! ಕಾಂತ್ರಾಜು ಮೇಷ್ಟ್ರು ಎಂಗವ್ರೆ?"

"ನನಗೆ ಗೊತ್ತಿಲ್ಲ."

"ಓದ್ ವರ್ಸ ಬಂದಿದ್ರು ಕಣವ್ವ, ಕೋಲಿಡ್ಕೊಂಡು. ಪಾಪ... ಕಣ್ಣು ಪೂರ್ತಿ ಓಗ್ಬುಟ್ಟದಲ್ಲ."

ಹಂಸ ಒಂದು ಹೆಜ್ಜೆ ಹತ್ತಿರ ಬಂದಳು. "ಏನಂದ್ರಿ?"

"ನಿಮ್ಗೆ ಗೊತ್ತಿಲ್ವಾ? ಅವಾಗ್ಲೇ ಇತ್ತಲ್ಲವ್ವ! ಸಂಜೆ ಮ್ಯಾಲೆ ಅವ್ರಿಗೆ ಏನೂ ಕಾಣ್ತಿರ್ನಿಲ್ಲ. ಕತ್ಲೆ ಅಟ್ಟ ಅತ್ತಕ್ ಆಗ್ದೆ ನನ್ ತಾವ ಅಂದ್ರು, 'ಆಯಮ್ಮಂಗೆ ಏಳ್ಬ್ಯಾಡ ಗುಂಡಣ್ಣ, ನಾನೇ ಏಳ್ತೀನಿ' ಅಂತ."

ಸಂಜೆ ಮೇಲೆ ಏನೂ ಕಾಣುತ್ತಿರಲಿಲ್ಲ...

ಕರೆಂಟಿಲ್ಲದ ಬಸ್ ಸ್ಟ್ಯಾಂಡು. ತನ್ನತ್ತಲೇ ತಿರುಗಿದ್ದ ಆ ಮುಖ. ತಾನು ಎತ್ತಿದ ಕೈ. ದೇವರೇ... ಅವರು ನನ್ನನ್ನ ನೋಡಲೇ ಇಲ್ಲ! ನಾನು ಒಂದು ಸಲ, ಒಂದೇ ಒಂದು ಸಲ ಹೆಸರು ಹಿಡಿದು ಕೂಗಿದ್ದಿದ್ದರೆ?

ಗುಂಡಯ್ಯ ಕೊಟ್ಟ ನೀರು ಕುಡಿಯಲಿಕ್ಕೂ ಆಗಲಿಲ್ಲ ಅವಳಿಗೆ.

ಮರುದಿನ ಬೆಳಿಗ್ಗೆ ಅವಳು ಹಳೇಕೋಟೆಯಲ್ಲಿ ಇಳಿದಳು. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಜಗುಲಿಯಲ್ಲಿ ವಯಸ್ಸಾದ ಹೆಂಗಸೊಬ್ಬಳು ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದಳು. ಅವಳೇ ಕಾಂತರಾಜುವಿನ ತಾಯಿ ಬೆಟ್ಟಮ್ಮ.

"ಯಾರವ್ವ?"

"ನಾನು ಹಂಸ ಅಂತ..."

ಬೆಟ್ಟಮ್ಮನ ಕೈ ನಿಂತಿತು. "ಒಳೆನರ್ಸೀಪುರದ ಮೇಷ್ಟ್ರು ಮಗ್ಳಾ?" ಆ ಕಣ್ಣುಗಳಲ್ಲಿ ನೀರಾಡಿತು. ಆದರೆ ಮಾತು ಗಟ್ಟಿಯಾಗಿಯೇ ಬಂತು. "ವಾಪಸ್ ಓಗವ್ವ. ನಮ್ಮಣ್ಣ ದೇವರಾಜುಂಗೂ ಇಂಗೇ ಕಣ್ಣು ಓಯ್ತು. ಅವನೆಂಡ್ತಿ ಒಂದಷ್ಟ್ ದಿನ ನೋಡ್ಕಂಡು ಬುಟ್ಟೋದ್ಲು. ಅವ್ನು ಅಲ್ಲೇ ಸತ್ತ. ಕನಿಕರ ಪಟ್ಕಂಡ್ ಬಂದೋರು ಕನಿಕರ ಮುಗುದ್ಮ್ಯಾಲೆ ಓಯ್ತಾರೆ. ನನ್ ಮಗ ಇನ್ನೊಂದ್ಸಲ ತಡ್ಕಳಕಿಲ್ಲ."

"ಕನಿಕರಕ್ಕೆ ಬಂದಿಲ್ಲಮ್ಮ" ಎಂದಳು ಹಂಸ. "ಜಗಳ ಆಡೋಕೆ ಬಂದಿದೀನಿ."

ಬೆಟ್ಟಮ್ಮ ಅವಳನ್ನೇ ನೋಡಿದಳು. ಆಮೇಲೆ ಮೊರ ಪಕ್ಕಕ್ಕಿಟ್ಟು ದಾರಿ ಬಿಟ್ಟಳು.

ಒಳಗಿನ ಕೋಣೆಯಲ್ಲಿ ಕಂಪ್ಯೂಟರೊಂದು ಯಂತ್ರದ ಧ್ವನಿಯಲ್ಲಿ ಪಟ್ಟಿಯನ್ನು ಗಟ್ಟಿಯಾಗಿ ಓದುತ್ತಿತ್ತು. ಕಾಂತರಾಜು ಕಿವಿಗೊಟ್ಟು ಕೂತಿದ್ದ. ಸೊರಗಿದ್ದ. ಬೆರಳುಗಳು ಒಂದು ಕ್ಯಾಸೆಟ್ಟಿನ ಅಂಚನ್ನು ಸವರುತ್ತಿದ್ದವು.

"ಕಾಪಿ ಆಮ್ಯಾಕ್ ಕೊಡವ್ವ" ಎಂದ, ಹೆಜ್ಜೆಯ ಸದ್ದಿಗೆ.

"ಅವತ್ತು ನನ್ನ ನೋಡಿದ್ರಾ, ಇಲ್ವಾ?"

ಅವನ ಬೆರಳು ನಿಂತವು. ಕಂಪ್ಯೂಟರು ಮಾತ್ರ ಓದುತ್ತಲೇ ಇತ್ತು. ತಡಕಾಡಿ ಅದರ ಬಾಯಿ ಮುಚ್ಚಿಸಿದ.

"ಹಂಸಾ..."

"ಉತ್ತರ ಹೇಳಿ!"

"ಇಲ್ಲ" ಎಂದ ಅವನು. ಗಲ್ಲದ ಮೇಲೆ ನೀರಿಳಿಯುತ್ತಿತ್ತು. "ನೋಡ್ಲಿಲ್ಲ. ಸುತ್ತ ಬರೀ ಕಪ್ಪು. ನೀವು ಎಲ್ಲೋ ಇದೀರಿ ಅಂತ ಗೊತ್ತಿತ್ತು. ಒಬ್ಬ ಅಜ್ಜಿಗೆ ಗುದ್ದಿಬಿಟ್ಟೆ. ಯಾರೋ 'ಕುಡ್ದಿದೀಯೇನ್ಲಾ' ಅಂದ್ರು. ಅಲ್ಲೇ ಕಂಬ ಹಿಡ್ಕೊಂಡು ನಿಂತೆ... ನಿಮ್ಮಪ್ಪನ ಹತ್ರ ಬಂದು ಮಗಳನ್ನ ಕೊಡಿ ಅಂತ ಯಾವ ಬಾಯಲ್ಲಿ ಕೇಳ್ಲಿ? ನಮ್ಮ ಮಾವನ ಕಣ್ಣು ಹೇಗೆ ಹೋಯ್ತು, ಅವರ ಬದುಕು ಹೇಗೆ ಹೋಯ್ತು, ಎಲ್ಲಾ ನೋಡಿದವನು ನಾನು. ನನ್ನದೂ ಹೋಗುತ್ತೆ ಅಂತ ಡಾಕ್ಟರು ಹೇಳಿಯಾಗಿತ್ತು."

"ಅದಕ್ಕೇ ಸುಳ್ಳು ಹೇಳಿದ್ರಾ?"

"ನೀವು ನನ್ನ ದ್ವೇಷ ಮಾಡಿದ್ರೆ ಬೇಗ ಮರೀತೀರಿ ಅನ್ಕೊಂಡೆ."

"ಮರೆತಿದೀನಾ? ಹೇಳಿ, ಮರೆತಿದೀನಾ?" ಹಂಸ ಗೋಡೆಗೊರಗಿ ಕುಸಿದಳು. ಇಷ್ಟು ವರ್ಷ ಬಿಗಿಹಿಡಿದದ್ದೆಲ್ಲ ಒಡೆದು ಬಂತು. "ನನ್ನ ಬದುಕು... ನನ್ನನ್ನ ಒಂದು ಮಾತೂ ಕೇಳ್ದೆ ನೀವೊಬ್ರೇ ತೀರ್ಮಾನ ಮಾಡ್ಬಿಟ್ರಿ! ಅಪ್ಪ ಹೋಗ್ಬಿಟ್ರು ಕಾಂತ. ನೀವು ಮುಖ ತಿರುಗಿಸಿದ್ರಿ ಅಂತಾನೇ ತಿಳ್ಕೊಂಡು ಹೋಗ್ಬಿಟ್ರು. ಈಗ ಯಾರಿಗೆ ಹೇಳ್ಲಿ ನಾನು?"

ಅವನು ಎದ್ದು, ಅವಳ ಅಳುವಿನ ದಿಕ್ಕಿಗೆ ನಡೆದು, ಎದುರಿಗೆ ನೆಲದ ಮೇಲೆ ಕೂತ.

"ಕ್ಷಮಿಸು ಅನ್ನೋಕೂ ನಾಚಿಕೆ ಆಗುತ್ತೆ" ಎಂದ. "ಕಣ್ಣು ಹೋಗೋಕ್ ಮುಂಚೆ ಆ ಕ್ಯಾಸೆಟ್‌ಗಳನ್ನೆಲ್ಲ ಒಂದ್ಸಲ ನೋಡಿ ಬರೆದಿಡ್ಬೇಕು ಅಂತ ಆ ಕೆಲಸ ಶುರು ಮಾಡಿದ್ದೆ. ನೀನು ಬಂದ ಮೇಲೆ... ಇರೋ ಬೆಳಕನ್ನೆಲ್ಲ ನಿನ್ನ ನೋಡೋದಕ್ಕೇ ಖರ್ಚು ಮಾಡಿದೆ."

ಬಾಗಿಲ ಹೊರಗೆ ಬೆಟ್ಟಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಸದ್ದಿಲ್ಲದೆ ಅಡುಗೆಮನೆಗೆ ಹೋದಳು.

ಹಂಸ ಮುಖ ಒರೆಸಿಕೊಂಡಳು.

"ವಾಪಸ್ ಹೋಗು ಅಂತ ಹೇಳ್ತೀರಾ?"

"ಹೇಳ್ಬೇಕು. ಆದ್ರೆ ಬಾಯಿ ಬರ್ತಿಲ್ಲ."

"ಹೇಳಿದ್ರೂ ಹೋಗಲ್ಲ. ಈ ಸಲ ತೀರ್ಮಾನ ನಂದು."

ಅವನು ಅವಳ ದನಿಯತ್ತ ಮುಖ ಎತ್ತಿದ. "ನನಗೆ ನಿನ್ನ ಮುಖ ಚೆನ್ನಾಗಿ ನೆನಪಿದೆ ಹಂಸಾ. ಸಿಟ್ಟು ಬಂದ್ರೆ ಕಿವಿ ಕೆಂಪಾಗೋದೂ ನೆನಪಿದೆ. ಅದೇ ಮುಖ ಇಟ್ಕೊಂಡು ಕೂತಿದೀನಿ."

"ಅದು ಹಳೇದು. ಈಗ ನರೆ ಬಂದಿದೆ."

"ಸುಳ್ಳು! ಈ ವಯಸ್ಸಿಗಾ? ಎಲ್ಲಿ?"

ಹಂಸ ಅವನ ಕೈ ಹಿಡಿದು, ಮೆಲ್ಲಗೆ ತನ್ನ ಕಿವಿಯ ಮೇಲಿನ ಕೂದಲಿಗೆ ಮುಟ್ಟಿಸಿದಳು.

"ಇಲ್ಲಿ."

ಅವನ ಬೆರಳು ಅಲ್ಲೇ ನಿಂತವು. "ಎಷ್ಟಿವೆ?"

"ನೀವು ನನ್ನ ದೂರ ಇಟ್ಟ ವರ್ಷ ಎಷ್ಟೋ ಅಷ್ಟು."

"ಇನ್ಮೇಲೆ ಬರೋವು?"

ಹಂಸ ಅವನ ಅಂಗೈಗೆ ಕೆನ್ನೆ ಒತ್ತಿದಳು.

"ಅವನ್ನೆಲ್ಲ ನಿಮ್ಮ ಜೊತೇಲೇ ತರಿಸ್ಕೋತೀನಿ."