ಮಂಗಳದ ಪಾಠ

ಆಷಾಢದಲ್ಲಿ ಕಲ್ಯಾಣ ಮಂಟಪದಷ್ಟು ಒಂಟಿ ಜಾಗ ಇನ್ನೊಂದು ಇರಲಾರದು. ತಿ. ನರಸೀಪುರದ ಬಸ್ಸಿಳಿದ ಆಶಾರಾಣಿ, ಪಿಟೀಲಿನ ಪೆಟ್ಟಿಗೆ ಹೆಗಲಿಗೇರಿಸಿಕೊಂಡು ನಂಜನಗೂಡಿನ ಆ ಮಂಟಪದ ಬಾಗಿಲು ತಳ್ಳಿದಾಗ ಮೊದಲು ಎದುರಾದದ್ದು ಫಿನಾಯಿಲ್ ವಾಸನೆ. ವಧೂವರರು ಕೂರುವ ಕೆಂಪು ಮಖಮಲ್ಲಿನ ಕುರ್ಚಿಗಳೆರಡಕ್ಕೂ ಸೇರಿಸಿ ಒಂದೇ ಬೆಡ್‌ಶೀಟ್ ಹೊದಿಸಿ ವೇದಿಕೆಯ ಮೂಲೆಗೆ ತಳ್ಳಿದ್ದರು. ಮದುವೆಗಳಿಲ್ಲದ ತಿಂಗಳು, ಹಾಗಾಗಿಯೇ ಮೇಷ್ಟ್ರ ಪುಣ್ಯತಿಥಿಯ ಕಛೇರಿಗೆ ಈ ಹಾಲ್ ಸಿಕ್ಕಿತ್ತು. ಕಾರ್ಯಕ್ರಮ ನಾಳೆ ಸಂಜೆ, ಇವತ್ತು ಪ್ರಾಕ್ಟೀಸ್.

ವೇದಿಕೆಯ ಮೇಲೆ ಯಾರೋ ಬೆನ್ನು ಹಾಕಿ ಕೂತು ಶ್ರುತಿ ಮಾಡಿಕೊಳ್ಳುತ್ತಿದ್ದರು. ಮೊದಲು ಮಂದ್ರದ ತಂತಿ ಬಿಗಿದು, ಅದಕ್ಕೊಂದು ಮೆಲ್ಲನೆ ತಟ್ಟಿ, ಆಮೇಲೆ ಉಳಿದವು. ಹೀಗೆ ತಲೆಕೆಳಗಾಗಿ ಶ್ರುತಿ ಮಾಡುವವನು ಅವಳು ಕಂಡಂತೆ ಭೂಮಿಯ ಮೇಲೆ ಒಬ್ಬನೇ. ಆಶಾಳ ಕಾಲು ಅಲ್ಲೇ ನಿಂತುಹೋಯಿತು.

"ಏನ್ ರಾಣಿಯೋರೆ, ಬಾಗಿಲಲ್ಲೇ ನಿಂತ್ಬಿಟ್ರಿ? ಆರತಿ ತರಿಸ್ಲಾ?"

ತಿರುಗಿ ನೋಡದೆಯೇ ಹೇಳಿದ. ಆಮೇಲೆ ತಿರುಗಿದ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದ್ದವು, ಕನ್ನಡಕ ಬಂದಿತ್ತು, ಕಣ್ಣು ಮಾತ್ರ ಹಳೆಯ ತುಂಟ ಕಣ್ಣೇ. ನಂಜೇಶ್.

"ನೀವು ಬರೋದು ನನಗೆ ಗೊತ್ತಿರ್ಲಿಲ್ಲ," ಎಂದಳು.

"ನೀವಾ? ಬೋ ಮರ್ಯಾದೆ ಆಯ್ತು ಕಣೇ, ತಡ್ಕಳಾಕಾಗಲ್ಲ."

ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಿಂದ ಗುರುಸಿದ್ದಮ್ಮನವರ ದನಿ ಬಂತು. "ನಾನೇ ಕರ್ಸ್ದೆ ಕಣವ್ವಾ. ಬಯ್ಯದಾದ್ರೆ ನಂಗೆ ಬಯ್ಯಿ. ನಿಮ್ ಮೇಷ್ಟ್ರು ಕಟ್ಟಿದ ಮಂಗಳ ಒಂದ್ಸಲ ನನ್ ಕಿವಿ ಮ್ಯಾಲೆ ಬೀಳ್ಲಿ. ನಿಂಗಂತೂ ಬರಾಕಿಲ್ಲ. ಬರೋನು ಇವ್ನೊಬ್ನೇ ಉಳ್ದಿರದು."

ಗುರುಸಿದ್ದಮ್ಮ ಮೇಷ್ಟ್ರ ಹೆಂಡತಿ. ಮೇಷ್ಟ್ರು ಎಂದರೆ ಪಿಟೀಲು ಚೆಲುವಯ್ಯ. ಮುಡುಕುತೊರೆಯ ಒಕ್ಕಲು ಮನೆಯ ಹುಡುಗ, ಮದರಾಸಿನ ಸಭೆಗಳಲ್ಲೂ ದಿಲ್ಲಿಯಲ್ಲೂ ನುಡಿಸಿ ಹೆಸರು ಮಾಡಿ, ಶಾಲು ಹಾರಗಳೆಲ್ಲ ಸಾಕಾದ ಮೇಲೆ ನರಸೀಪುರಕ್ಕೆ ಬಂದು, ಹೊಳೆ ಕಾಣುವ ಹೆಂಚಿನ ಮನೆಯಲ್ಲಿ ಪಾಠಕ್ಕೆ ಕೂತವರು. ಮೈಸೂರಿನಲ್ಲಿ ಮನೆ ಮಾಡಬಾರದೇ ಎಂದು ಕೇಳಿದವರಿಗೆ, "ಅಲ್ಲಿ ಕೇಳೋರು ಜಾಸ್ತಿ, ಇಲ್ಲಿ ಕಲಿಯೋರು ಜಾಸ್ತಿ," ಎನ್ನುತ್ತಿದ್ದರು. ಯಾರಾದರೂ ಗಮಕವಿಲ್ಲದೆ ಎಳೆದರೆ ಮಾತ್ರ ದನಿ ಏರುತ್ತಿತ್ತು. "ಕುಯ್ಬ್ಯಾಡ ಕಣ್ಲಾ, ನುಡ್ಸು!"

ಅವರದು ಕೈಪಾಠ. ಶಿಷ್ಯರಿಗೆ ಸ್ವರ ಬರೆದುಕೊಡುತ್ತಿರಲಿಲ್ಲ. ಎದುರು ಕೂರಿಸಿಕೊಂಡು, ಮುಂಗೈ ಚಾಚಲು ಹೇಳಿ, ಅದನ್ನೇ ಪಿಟೀಲಿನ ಕತ್ತು ಮಾಡಿಕೊಂಡು ತಮ್ಮ ಎಡಗೈ ಬೆರಳುಗಳನ್ನು ಅದರ ಮೇಲೆ ಓಡಿಸುತ್ತಿದ್ದರು. ಒತ್ತಿದ್ದು ಎಲ್ಲಿ, ಜಾರಿದ್ದು ಎಲ್ಲಿ, ಎತ್ತಿದ್ದು ಎಲ್ಲಿ ಎನ್ನುವುದು ಚರ್ಮಕ್ಕೆ ಗೊತ್ತಾದ ಮೇಲೆಯೇ ತಂತಿ ಮುಟ್ಟಲು ಅಪ್ಪಣೆ. ಈಗ ಆಶಾಳೂ ಅದೇ ಹೆಂಚಿನ ಮನೆಯಲ್ಲಿ ಮಕ್ಕಳಿಗೆ ಹಾಗೆಯೇ ಕಲಿಸುತ್ತಾಳೆ. ಮೇಷ್ಟ್ರ ಕೃತಿ, ವರ್ಣ, ತಿಲ್ಲಾನ ಎಲ್ಲ ಅವಳ ಬೆರಳಲ್ಲಿವೆ. ಮಂಗಳವೊಂದು ಇಲ್ಲ.

ಅದಕ್ಕೆ ಕಾರಣವಿತ್ತು. ಕಛೇರಿಗಳ ಕೊನೆಗೆ ಮೇಷ್ಟ್ರು ಎಲ್ಲರೂ ನುಡಿಸುವ ಮಂಗಳವನ್ನೇ ನುಡಿಸಿ ಏಳುತ್ತಿದ್ದರು. ತಾವೇ ಕಟ್ಟಿದ ಸೌರಾಷ್ಟ್ರ ರಾಗದ ಮಂಗಳವನ್ನು ಮಾತ್ರ ಮದುವೆ ಗೊತ್ತಾದ ಶಿಷ್ಯರಿಗೆ, ಬಾಗಿಲು ಹಾಕಿಕೊಂಡು, ಉಡುಗೊರೆಯ ಹಾಗೆ ಹೇಳಿಕೊಡುತ್ತಿದ್ದರು. ಮದುವೆ ಗೊತ್ತಾಗದೆ ಮಂಗಳವಿಲ್ಲ. ಹೀಗೆ ಕಲಿತ ಹುಡುಗಿಯರೆಲ್ಲ ಗಂಡನ ಮನೆಗೆ ಹೋದರು, ಪಿಟೀಲು ಅಟ್ಟಕ್ಕೆ ಹೋಯಿತು. ಆ ಮಂಗಳ ಉಳಿದದ್ದು ನಂಜೇಶನ ಕೈಯಲ್ಲಿ ಮಾತ್ರ.

ಅವನು ಅದನ್ನು ಕಲಿತ ದಿನ ಆಶಾ ಜಗಲಿಯಲ್ಲಿದ್ದಳು.

ಇಬ್ಬರೂ ಜೋಡಿ ಶಿಷ್ಯರು. ಬಸ್ಸಿನಲ್ಲಿ ಪಕ್ಕ ಕೂತು, ಟಿಕೆಟ್ ತೆಗೆದುಕೊಂಡಾದ ಮೇಲೆ, ಅವನು ಅವಳ ಮುಂಗೈ ಮೇಲೆ ಹಿಂದಿನ ಪಾಠ ಒತ್ತುವನು. ಯಾವ ರಾಗ ಹೇಳು ನೋಡೋಣ ಎನ್ನುವನು. ಅವಳು ಬೇಕೆಂದೇ ತಪ್ಪು ಹೇಳುವಳು, ಇನ್ನೊಂದು ಸಲ ಒತ್ತಲಿ ಎಂದು. ಅವನಿಗೂ ಅದು ಗೊತ್ತಿತ್ತು ಎಂದೇ ಅವಳು ನಂಬಿದ್ದಳು. ಹಾಗಿರುವಾಗ ಒಂದು ಬೆಳಗ್ಗೆ ಮುಚ್ಚಿದ ಬಾಗಿಲ ಹಿಂದಿನಿಂದ ಸೌರಾಷ್ಟ್ರ ಕೇಳಿಸಿತು. ಒಳಗಿದ್ದವನು ನಂಜೇಶ್. ಅಂದರೆ ಅವನಿಗೆ ಹೆಣ್ಣು ಗೊತ್ತಾಗಿದೆ, ತನಗೊಂದು ಮಾತು ಹೇಳಲಿಲ್ಲ! ಮೊದಲ ಸಾಲು ಮುಗಿಯುವ ಮುಂಚೆಯೇ ಅವಳು ಕಿವಿ ಮುಚ್ಚಿಕೊಂಡಳು. ಅವನು ನಗುನಗುತ್ತಾ ಹೊರಗೆ ಬಂದಾಗ, ತಲೆಯೆತ್ತದೆ, "ಒಳ್ಳೇದಾಗ್ಲಿ," ಎಂದು ಹೇಳಿ ಎದ್ದು ಹೊರಟುಬಿಟ್ಟಳು.

ಮಾರನೆಯ ದಿನದಿಂದ ಅವನು ಪಾಠಕ್ಕೆ ಬರಲಿಲ್ಲ. ಪುಣೆಯಲ್ಲಿ ಕೆಲಸ ಸಿಕ್ಕಿತಂತೆ ಎಂದು ಯಾರೋ ಹೇಳಿದರು. ಅದೇ ವಾರ ಮೇಷ್ಟ್ರಿಗೆ ಸ್ಟ್ರೋಕ್ ಆಗಿ ಬಲಭಾಗವೂ ಮಾತೂ ಬಿದ್ದುಹೋದವು. ಆ ಮನೆಯಲ್ಲಿ ಅವನ ಹೆಸರು ಬಂದಾಗಲೆಲ್ಲ ಆಶಾ ಎದ್ದು ಹೋಗುತ್ತಿದ್ದಳು. ಗುರುಸಿದ್ದಮ್ಮನೂ ಹೆಸರೆತ್ತುವುದನ್ನು ಬಿಟ್ಟರು.

ಮೇಷ್ಟ್ರು ಇನ್ನೆರಡು ವರ್ಷ ಇದ್ದರು. ಹಾಸಿಗೆಯ ಪಕ್ಕ ಕೂತ ಆಶಾಳ ಮುಂಗೈ ಹಿಡಿದು, ಎಡಗೈ ಬೆರಳುಗಳಿಂದ ಏನನ್ನೋ ತಡವರಿಸುತ್ತಿದ್ದರು. ಉಂಗುರದ ಬೆರಳು ಏಳುವುದು, ಅಲ್ಲೇ ಬೀಳುವುದು, ಮತ್ತೆ ಏಳುವುದು, ಮತ್ತೆ ಅಲ್ಲೇ. ಆಮೇಲೆ ತೋರುಬೆರಳು ಮಣಿಕಟ್ಟಿನ ಕಡೆ ಜಾರುವುದು, ಅಲ್ಲಿಂದ ಇನ್ನೂ ಮುಂದಕ್ಕೆ ಏನೇನೋ. ದಿನವೂ ಅದೇ. ಅವಳಿಗೆ ಗೊತ್ತಿದ್ದ ಯಾವ ಪಾಠವೂ ಅದಲ್ಲ. ಬೆರಳು ನಡುಗುತ್ತವೆ ಎಂದು ಡಾಕ್ಟರ್ ಹೇಳಿದ್ದರು. "ಆಯ್ತು ಮೇಷ್ಟ್ರೇ, ಮಲ್ಕೊಳ್ಳಿ," ಎಂದು ಅವಳು ಕೈಯನ್ನು ಮೆಲ್ಲನೆ ಹೊದಿಕೆಯೊಳಗೆ ಇಡುತ್ತಿದ್ದಳು. ಅವರು ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದರು.

ಅವರು ಹೋದ ಮೇಲೆ ಗುರುಸಿದ್ದಮ್ಮ ನಂಜನಗೂಡಿನ ತಮ್ಮನ ಮನೆ ಸೇರಿದರು, ಹೆಂಚಿನ ಮನೆಯೂ ಪಾಠವೂ ಆಶಾಳ ಪಾಲಿಗೆ ಬಂದವು. ಬಂದ ಗಂಡುಗಳನ್ನೆಲ್ಲ "ಪಾಠ ಇದೆ" ಎಂದೇ ವಾಪಸು ಕಳಿಸಿದಳು. ಸಂಜೆ ಮಕ್ಕಳು ಚಪ್ಪಲಿ ಮೆಟ್ಟಿಕೊಂಡು ಹೋದ ಮೇಲೆ ಇರುತ್ತಿದ್ದ ಆ ಹೊತ್ತು ಮಾತ್ರ ಅವಳಿಗೆ ಆಗಿಬರುತ್ತಿರಲಿಲ್ಲ. ಜೋಡಿ ಪಾಠಗಳಲ್ಲಿ ತನ್ನ ಭಾಗ ನುಡಿಸಿ, ಅವನ ಭಾಗ ಬಂದಾಗ ಸುಮ್ಮನಿದ್ದು, ಮತ್ತೆ ತನ್ನದನ್ನು ನುಡಿಸುವಳು. ಹೊರಗೆ ಹೊಳೆಯ ಮೇಲೆ ಬೆಳಕು ಇಳಿಯುವುದು. ಒಬ್ಬಳಿಗೆಂದು ಹಚ್ಚಿದ ಒಲೆಯ ಮೇಲೆ ಅನ್ನ ಬೇಯುವುದು.

ಇದೆಲ್ಲ ಈ ಮನುಷ್ಯನಿಗೆ ಏನು ಗೊತ್ತು? ವೇದಿಕೆಯ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು, ಕನ್ನಡಕದ ಮೇಲಿಂದ ಅವಳನ್ನು ನೋಡುತ್ತ, ಕಮಾನಿಗೆ ರಾಳ ಉಜ್ಜುತ್ತಿದ್ದ.

ಗುರುಸಿದ್ದಮ್ಮ ಸೆರಗು ಸರಿಮಾಡಿಕೊಂಡು ಎದ್ದರು. "ನಾ ದೇವಸ್ಥಾನಕ್ಕೋಗಿ ಬತ್ತೀನಿ. ನಾ ಬರಾದ್ರೊಳ್ಗೆ ಅವಳ್ಗೆ ಕಲ್ಸು ಕಣಪ್ಪಾ. ನಾಳೀಕೆ ಇಬ್ರೂ ಕೂತು ನುಡ್ಸ್ಬೇಕು."

ಬಾಗಿಲು ಮುಚ್ಚಿದ ಸದ್ದು ಖಾಲಿ ಹಾಲಿನಲ್ಲಿ ಬೇಕಿದ್ದಕ್ಕಿಂತ ದೊಡ್ಡದಾಗಿ ಕೇಳಿಸಿತು. ಆಶಾ ವೇದಿಕೆ ಹತ್ತಿ, ಅವನಿಂದ ದೂರವಾಗಿಯೇ ಕೂತು, ಪೆಟ್ಟಿಗೆಯ ಬೀಗದ ಜೊತೆ ಬೇಕಿಲ್ಲದ ಜಗಳ ಮಾಡಿದಳು.

"ಪುಣೆಯಿಂದ ಯಾವಾಗ ಬಂದ್ರಿ?"

"ಈ ಯುಗಾದಿಗೆ. ಇಲ್ಲೇ ಪಕ್ಕದ ತಾಂಡ್ಯದ ಫ್ಯಾಕ್ಟರಿಗೆ ಟ್ರಾನ್ಸ್‌ಫರ್ ಆಯ್ತು."

"ಮನೆಯೋರನ್ನ ಕರ್ಕೊಂಡು ಬರ್ಲಿಲ್ವಾ?"

"ಅವ್ವಂಗೆ ಮಂಡಿನೋವು. ನಾಳೆ ಆಟೋ ಮಾಡಿ ಕರ್ಕೊಂಡು ಬತ್ತೀನಿ."

"ಅವ್ವನ್ನಲ್ಲ ನಾನು ಕೇಳಿದ್ದು. ಹೆಂಡ್ತೀನ."

"ಯಾರ ಹೆಂಡ್ತೀನ?"

"ನಿಮ್ಮ ಹೆಂಡ್ತೀನ! ಇನ್ಯಾರ ಹೆಂಡ್ತಿ ವಿಚಾರ ನಾನ್ಯಾಕೆ ಕೇಳ್ಲಿ?"

ಅವನು ರಾಳವನ್ನು ಕೆಳಗಿಟ್ಟ. ಮುಖದ ತುಂಟತನ ಇಳಿದುಹೋಗಿತ್ತು. "ಆಶಾ, ನನಗೆ ಮದುವೆಯಾಗಿದೆ ಅಂತ ಯಾರು ಹೇಳಿದ್ರು ನಿಂಗೆ?"

"ಯಾರು ಹೇಳ್ಬೇಕು? ಮಂಗಳ ಕಲಿತ್ಯಲ್ಲ. ಜಗಲೀಲಿ ಕೂತು ನಾನೇ ಕೇಳಿಸ್ಕೊಂಡೆ." ಬಹುವಚನ ಎಲ್ಲಿ ಕಳಚಿಬಿತ್ತೋ ಅವಳಿಗೇ ಗೊತ್ತಾಗಲಿಲ್ಲ.

"ಕಲಿತೆ. ಮಂಗಳ ಕಲ್ತು ಹೊರಗ್ ಬಂದೆ. ಹುಡುಗಿ ಒಳ್ಳೇದಾಗ್ಲಿ ಅಂದು ಎದ್ದೋದ್ಲು."

ಅವಳು ಅವನನ್ನೇ ನೋಡಿದಳು. 

"ಹಿಂದಿನ್ ದಿನ ಮೇಷ್ಟ್ರ ಹತ್ರ ಬಾಯಿ ಬಿಟ್ಟಿದ್ದೆ," ಎಂದ ನಂಜೇಶ್. "ಆಶಾನ್ನ ಕೇಳ್ಬೇಕು ಅಂತಿದೀನಿ, ಧೈರ್ಯ ಇಲ್ಲ ಅಂದೆ. ಅವರು ನಕ್ಕು, ನಾಳೆ ಬೇಗ ಬಾ ಅಂದ್ರು. ಬಾಗಿಲು ಹಾಕಿ ಮಂಗಳ ಹೇಳ್ಕೊಟ್ರು. 'ನೀ ಬಾಯ್ ಬುಡಬ್ಯಾಡ ಕಣ್ಲಾ. ಅವಳ್ಗೂ ನಾನೇ ಮಂಗಳ ಏಳ್ಕೊಡ್ತೀನಿ, ತಿಳ್ಕತ್ತಾಳೆ' ಅಂದ್ರು. ಹೊರಗ್ ಬಂದ್ರೆ ನೀನು ಕದದ ಪಕ್ಕದಲ್ಲೇ ಕೂತಿದ್ದೆ. ಎಲ್ಲಾ ಕೇಳಿಸ್ಕೊಂಡೇ ಬೇಡ ಅಂದೆ ಅಂದ್ಕೊಂಡೆ. ಒಳ್ಳೇದಾಗ್ಲಿ ಅನ್ನೋ ಮಾತ್ನ ಇನ್ನೆಂಗ್ ತಿಳ್ಕಳ್ಲಿ ಹೇಳು?"

"ನಿಂಗೆ ಬೇರೆ ಹೆಣ್ಣು ಗೊತ್ತಾಯ್ತು ಅಂದ್ಕೊಂಡು ಹೇಳಿದ್ದು ಅದು."

"ಬೇರೆ ಹೆಣ್ಣು ಎಲ್ಲಿಂದ ತರ್ಲೇ? ಇದ್ದ ಒಬ್ಬಳ ಎದುರಿಗೇ ಮಾತು ಬರ್ತಿರ್ಲಿಲ್ಲ."

ನಗು ಬಂತು, ಹಿಂದೆಯೇ ಅಳುವೂ ಬಂತು. ಯಾರೂ ಮೋಸ ಮಾಡಿರಲಿಲ್ಲ, ಯಾರೂ ಬೇಡವೆಂದಿರಲಿಲ್ಲ. ಎರಡು ಊರಲ್ಲಿ ಎರಡು ಒಲೆ ಹೊತ್ತಿಸಿಕೊಂಡು ಇಬ್ಬರೂ ಸುಮ್ಮನೆ ಇಷ್ಟು ವಯಸ್ಸು ಕಳೆದಿದ್ದರು. ಅವಳಿಗೆ ಅವನ ಮೇಲೆ ಸಿಟ್ಟು ಬಂತು, ತನ್ನ ಮೇಲೆ ಇನ್ನೂ ಹೆಚ್ಚು ಬಂತು. ಸಿಟ್ಟನ್ನೆಲ್ಲ ಸೆರಗಿನಿಂದ ಒರೆಸಿಕೊಂಡಳು.

"ನಾಳೆ ಮಂಗಳ ನೀನೇ ನುಡಿಸ್ಬಿಡು," ಎಂದಳು.

"ಯಾಕೆ, ನೀನು ಕಲಿಯಲ್ವಾ?"

"ಮೇಷ್ಟ್ರ ನಿಯಮ ಗೊತ್ತಲ್ಲ. ಮದುವೆ ಗೊತ್ತಾದೋರಿಗೆ ಮಾತ್ರ."

ಅವನು ಕನ್ನಡಕ ತೆಗೆದ, ಪಂಚೆಯ ತುದಿಯಲ್ಲಿ ಒರೆಸಿದ, ಮತ್ತೆ ಹಾಕಿಕೊಂಡ. ಕಣ್ಣೆತ್ತಲು ಅವನಿಗೆ ಭಯವಾಗಿತ್ತು, ಅದನ್ನು ಅವಳು ಕಂಡಳು. ಈ ಸಲವೂ ಒಬ್ಬರು ತಲೆ ತಗ್ಗಿಸಿ ಎದ್ದು ಹೋದರೆ ಇನ್ನು ಇದು ಇಷ್ಟೇ ಎಂದು ಅವಳಿಗೆ ಅನ್ನಿಸಿತು. ಆಶಾ ಜರುಗಿ ಅವನ ಎದುರು ಕೂತಳು. ಬಳೆಗಳನ್ನು ಮೇಲಕ್ಕೇರಿಸಿ, ಮುಂಗೈ ಚಾಚಿದಳು.

"ಹೇಳ್ಕೊಡು," ಎಂದಳು.

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಅವನು ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸತೊಡಗಿದ.

"ಕುಯ್ಬ್ಯಾಡ, ನುಡ್ಸು," ಎಂದಳು ಆಶಾ, ಥೇಟ್ ಮೇಷ್ಟ್ರ ದನಿಯಲ್ಲಿ.

ಅವನು ನಕ್ಕ. ಎಡಗೈ ಬೆರಳುಗಳನ್ನು ಅವಳ ಮುಂಗೈ ಮೇಲೆ ಇಟ್ಟ. ಫ್ಯಾಕ್ಟರಿಯಲ್ಲಿ ಒರಟಾದ ಬೆರಳು, ಆದರೆ ಒತ್ತು ಅದೇ, ಬಸ್ಸಿನದು. ಅವಳು ಕಣ್ಣು ಮುಚ್ಚಿದಳು. ಉಂಗುರದ ಬೆರಳು ಎದ್ದು, ಅಲ್ಲೇ ಬಿತ್ತು. ಮತ್ತೆ ಎದ್ದಿತು, ಮತ್ತೆ ಅಲ್ಲೇ. ಆಮೇಲೆ ತೋರುಬೆರಳು ಮಣಿಕಟ್ಟಿನ ಕಡೆ ಮೆಲ್ಲನೆ ಜಾರಿತು.

ಆಶಾ ಕೈ ಕಿತ್ತುಕೊಂಡಳು.

"ಏನಾಯ್ತು? ತಪ್ಪಾಯ್ತಾ?"

ಅವಳು ಅವನ ಕೈಯನ್ನೆಳೆದು ತೊಡೆಯ ಮೇಲಿಟ್ಟುಕೊಂಡು, ಅವನ ಮುಂಗೈ ಮೇಲೆ ಮುಂದಿನ ಸಾಲನ್ನು ತಾನೇ ಒತ್ತಿದಳು. ಅದರ ಮುಂದಿನದನ್ನೂ. ಎಲ್ಲೂ ತಡವರಿಸಲಿಲ್ಲ. ಮೇಷ್ಟ್ರು ಎರಡು ವರ್ಷ ದಿನವೂ ಹಾಸಿಗೆಯಲ್ಲಿ ಮಲಗಿಕೊಂಡೇ ಕೊಟ್ಟ ಮಾತು ನಡೆಸಿದ್ದರು. ಅವಳು ಅವರ ಕೈಯನ್ನು ಹೊದಿಕೆಯೊಳಗೆ ಇಡುತ್ತಾ ಬಂದಿದ್ದಳು.

"ನಿಂಗೆ ಹೆಂಗೆ ಬಂತು ಇದು?" ಎಂದ ನಂಜೇಶ್. ಅವಳು ಹೇಳಿದಳು. ಅಳುತ್ತಾ, ಅರ್ಧರ್ಧ ಮಾತಿನಲ್ಲಿ, ಆ ಹಾಸಿಗೆಯ ಕಥೆಯನ್ನೆಲ್ಲ ಹೇಳಿದಳು. ಅವನು ಅವಳ ಕೈ ಬಿಡಲಿಲ್ಲ.

ಗುರುಸಿದ್ದಮ್ಮ ವಿಭೂತಿ ಪ್ರಸಾದ ಹಿಡಿದು ಒಳಗೆ ಬಂದಾಗ ಇಬ್ಬರೂ ಹಾಗೆಯೇ ಕೂತಿದ್ದರು. ಅವರು ಬಾಗಿಲಲ್ಲಿ ನಿಂತು ನೋಡಿದರು.

"ಏನವ್ವಾ, ಅಳ್ತಾ ಕೂತಿದ್ದೀಯೆ? ಮಂಗಳ ಕಲ್ತಾಯ್ತಾ?"

"ಮೇಷ್ಟ್ರು ಯಾವತ್ತೋ ಕಲಿಸಿದ್ರು ಅಮ್ಮ," ಎಂದಳು ಆಶಾ. "ನನಗೇ ಗೊತ್ತಾಗಿರ್ಲಿಲ್ಲ."

ಗುರುಸಿದ್ದಮ್ಮನಿಗೆ ಗಂಡನ ನಿಯಮ ಗೊತ್ತಿತ್ತು. ಅವರು ಅವಳ ಮುಖ ನೋಡಿದರು, ಅವನ ಮುಖ ನೋಡಿದರು, ಬೆಡ್‌ಶೀಟ್ ಹೊದ್ದು ಮೂಲೆಯಲ್ಲಿದ್ದ ಜೋಡಿ ಕುರ್ಚಿಗಳನ್ನು ನೋಡಿದರು. ಆಮೇಲೆ ಮುಂದಿನ ಸಾಲಿಗೆ ಬಂದು, ತಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಕಣ್ಣೊರೆಸಿಕೊಂಡರು.

"ಇದೊಂದು ಆಷಾಢ ಕಳ್ದೋಗ್ಲಿ," ಎಂದರು. "ಈಗ ಪಿಟೀಲು ತಕ್ಕಳ್ರಿ. ಕೇಳ್ತೀನಿ."