ಹತ್ತು ಕಿಲೋ ತೊಗರಿಬೇಳೆ

"ನೋಡಿಲ್ಲಿ, ಒಂದs ಕೈಲೆ!"

ಕೇತಕಿ ಬ್ಯಾಗನ್ನು ಒಂದೇ ಕೈಯಲ್ಲಿ ಎತ್ತಿ ಭುಜಕ್ಕೇರಿಸಿಕೊಂಡಳು. "ಮೊದಲನೇ ವಾರ ಎರಡೂ ಕೈಲೆ ಎತ್ತಲಿಕ್ಕ ಆಗಿದ್ದಿಲ್ಲ. ನೆನಪದ ಏನೋ?"

ಕಪಿಲನಿಗೆ ನೆನಪಿತ್ತು. ಶೂ ಲೇಸು ಕಟ್ಟುವ ನೆಪದಲ್ಲಿ ಬಗ್ಗಿದ.

ಔರಾದಿನ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದರು. ಬೀದರಿನಿಂದ ಭಾಲ್ಕಿ, ಅಲ್ಲಿಂದ ಔರಾದ, ತಿರುಗಿ ಭಾಲ್ಕಿ. ಹೊಲದ ದಾರಿಗಳಲ್ಲೇ ನಾಲ್ಕೈದು ದಿನ ನಡೆಯುವ ಈ ಸುತ್ತು ಅವರ ಕೊನೆಯ ತಾಲೀಮು. ಮುಂದಿನ ವಾರ ಹಿಮಾಲಯ. ನ್ಯಾಷನಲ್ ಪಾರ್ಕಿನ ಕಾಡು, ಹುಲ್ಲುಗಾವಲು ಹಾದು, ದಿನಗಟ್ಟಲೆ ನಡೆದು ಹಿಮದ ಘಟ್ಟ ದಾಟುವ ಟ್ರೆಕ್. ಸಾಮಾನು ಹೊರಲು ಅಲ್ಲಿ ಕುದುರೆ ಸಿಗುತ್ತದೆ. ಭಾಲ್ಕಿಯ ಶಾಲೆಯಲ್ಲಿ ವಿಜ್ಞಾನ ಕಲಿಸುವ ಕೇತಕಿಗೆ ಕುದುರೆ ಬೇಕಿರಲಿಲ್ಲ. ತನ್ನ ಚೀಲ ತಾನೇ ಹೊತ್ತು ಆ ಘಟ್ಟ ದಾಟಬೇಕು, ಅಷ್ಟೇ ಅವಳ ಹಟ.

ಭಾರಕ್ಕೆ ತೊಗರಿಬೇಳೆ ಎಂಬುದು ಕಪಿಲನ ಉಪಾಯ. ಬೀದರಿನ ಗಾಂಧಿ ಗಂಜಿನಲ್ಲಿ ಅವನ ಕಾಕಾನದು ಕಾಳುಕಡಿ ಕೊಂಡು ಮಾರುವ ಅಡತಿ ಅಂಗಡಿ. ಬೇಳೆಯನ್ನು ಸಣ್ಣ ಚೀಲಗಳಲ್ಲಿ ತುಂಬಿ, ದಬ್ಬಣದಿಂದ ಹೊಲಿದು, ಇಬ್ಬರ ಬ್ಯಾಗಿಗೂ ಹತ್ತು ಹತ್ತು ಕಿಲೋ ಹಾಕಿದ್ದ.

ಮೊದಲ ಭಾನುವಾರ ಬೀದರಿನ ಪಕ್ಕದ ಅಷ್ಟೂರಿನ ಗುಮ್ಮಟಗಳವರೆಗೆ ನಡೆದು, ಅವಳು ಬ್ಯಾಗ್ ಇಳಿಸಿ ನೀರು ಕುಡಿಯುವಾಗ ದುಪಟ್ಟಾ ಜಾರಿತು. ಭುಜದ ಮೇಲೆ ಪಟ್ಟಿ ಒತ್ತಿದ ಕೆಂಪು ಗೆರೆ. ಅವನು ನೋಡುತ್ತಿರುವುದು ಗೊತ್ತಾಗಿ ದುಪಟ್ಟಾ ಎಳೆದುಕೊಂಡು ನಕ್ಕಳು.

ಬ್ಯಾಗುಗಳು ವಾರವೆಲ್ಲ ಅಂಗಡಿಯಲ್ಲೇ ಇರುತ್ತಿದ್ದವು. ಆ ವಾರ ಕಪಿಲ ಅವಳ ಬ್ಯಾಗಿನ ಒಂದು ಸಣ್ಣ ಚೀಲ ಬಿಚ್ಚಿ, ಬೇಳೆ ತೆಗೆದು ಚುರುಮುರಿ ತುಂಬಿ, ಮೊದಲಿನಂತೆಯೇ ಹೊಲಿದ. ಮುಂದಿನ ವಾರ ಇನ್ನೊಂದು.

"ಮೈ ಗಟ್ಟಿ ಆಗ್ಲಿಕತ್ತದ ನೋಡೋ!" ಅಂದಿದ್ದಳು ಅವಳು. ಹೆಮ್ಮೆಯ ಆ ಮುಖ ಮತ್ತೆ ನೋಡಬೇಕೆಂದು ಅವನು ಮತ್ತೊಂದು ಬಿಚ್ಚಿದ. ಪ್ರೀತಿ ಅಂದುಕೊಂಡೇ ಮಾಡಿದ್ದ. ಈಗ ಅದು ಅವಳಿಂದ ಏನನ್ನೋ ಕದ್ದ ಹಾಗೆ ಕಾಣುತ್ತಿತ್ತು.

ಕೇತಕಿ ಫೋನ್ ತೆಗೆದಳು. "ಟ್ರೆಕ್‌ನವರಿಗೆ ಹೇಳಿಬಿಡ್ತೇನಿ, ನನಗ ಕುದುರಿ ಬ್ಯಾಡಂತ."

"ತಡಿ."

"ಯಾಕ? ಕುದುರಿ ಮ್ಯಾಲ ಲವ್ ಆಗ್ಯದೇನು?"

"ನಿನ್ನ ಬ್ಯಾಗಿನ್ಯಾಗ ಹತ್ತು ಕಿಲೋ ಇಲ್ಲ, ಕೇತಕಿ. ಅರ್ಧಾನೂ ಇಲ್ಲ. ಬ್ಯಾಳಿ ತಗದು ಚುರುಮುರಿ ತುಂಬೇನಿ. ನಾನs."

ಅವಳು ನಗಲು ಹೊರಟವಳು ಅವನ ಮುಖ ನೋಡಿ ನಿಂತಳು. ಬ್ಯಾಗ್ ಇಳಿಸಿ ಕುಳಿತು ಕೀಲಿಕೈಯಿಂದ ಒಂದು ಚೀಲದ ಹೊಲಿಗೆ ಕಿತ್ತಳು. ಚುರುಮುರಿ ಮಡಿಲಿಗೆ ಸುರಿಯಿತು. ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡು ಅಗಿದಳು.

"ಮೆತ್ತಗಾಗ್ಯಾವ," ಎಂದಳು. ಕಣ್ಣು ತುಂಬಿತ್ತು. "ನಾ ಗಟ್ಟಿ ಆಗೇನಿ ಅಂದ್ಕೊಂಡಿದ್ದೆ. ಸಾಲ್ಯಾಗ ಎಲ್ಲರಿಗೂ ಹೇಳೀನಿ."

"ನಿನ್ನ ಭುಜ ನೋಡ್ಲಿಕ್ಕ ಆಗಲಿಲ್ಲ ನನಗ."

"ನಂದು ಭುಜ ಅದು. ನೋಡ್ಲಿಕ್ಕ ಆಗದಿದ್ರ ನೀ ಕಣ್ಣು ಮುಚ್ಚಬೇಕಿತ್ತು."



ಅವಳು ಫೋನ್ ಮಾಡಿ ಹಿಂದಿಯಲ್ಲಿ, ತನ್ನ ಹೆಸರನ್ನು ಮುಂದಿನ ವಾರದಿಂದ ತೆಗೆದು, ತಿಂಗಳ ನಂತರದ ಕೊನೆಯ ಬ್ಯಾಚಿಗೆ ಹಾಕಲು ಹೇಳಿದಳು. ಆ ಕಡೆಯವರು ಏನೋ ಕೇಳಿದರು. ಕಪಿಲನನ್ನು ದಿಟ್ಟಿಸಿದಳು. "ಅವನದು ಅವನನ್ನೇ ಕೇಳಿ," ಎಂದು ಕಟ್ ಮಾಡಿದಳು.

ಆಮೇಲೆ ಅವನ ಬ್ಯಾಗಿಗೆ ಕೈ ಹಾಕಿದಳು. "ಇದರಾಗರ ಖರೇ ಹತ್ತು ಕಿಲೋ ಅದನೋ, ಇದೂ ನಾಟಕಾನೋ?"

"ಖರೇನs ಅದ."

ಎರಡೂ ಕೈಯಿಂದ ಎತ್ತಿ, ಒಮ್ಮೆ ತೂರಾಡಿ, ಬೆನ್ನಿಗೇರಿಸಿಕೊಂಡು ಭಾಲ್ಕಿಯ ದಾರಿ ಹಿಡಿದಳು. ಅವನು ಚುರುಮುರಿಯ ಬ್ಯಾಗ್ ಹೊತ್ತು ಹಿಂದೆ ನಡೆದ. ಅಷ್ಟು ಹಗುರವಾದದ್ದು ಅಷ್ಟು ಒತ್ತುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಅವಳ ಕತ್ತಿನ ಬದಿ ಗೆರೆ ಕೆಂಪಾಗುತ್ತಾ ಹೋಯಿತು. ಈ ಸಲ ಅವನು ಕಣ್ಣು ತೆಗೆಯಲಿಲ್ಲ.

ಹಳ್ಳದ ಏರಿನಲ್ಲಿ ಅವಳ ಕಾಲು ಜಾರಿತು. ಅವನ ಕೈ ತಾನಾಗಿ ಬ್ಯಾಗಿನತ್ತ ಹೋಯಿತು. ನಡುವೆಯೇ ಹಿಂದೆಗೆದು ಜೇಬಿಗೆ ತುರುಕಿದ.

ಅವಳು ಏದುಸಿರು ಬಿಡುತ್ತಾ ನಿಂತಳು. ತಿರುಗಿ ನೋಡದೆಯೇ ಎಡಗೈ ಹಿಂದಕ್ಕೆ ಚಾಚಿದಳು.

"ಕೈ ಕೊಡು. ಬ್ಯಾಗ್ ಮುಟ್ಟಬ್ಯಾಡ."