ಹನ್ನೊಂದಕ್ಕೇ ಹಾರಿದ ಕಿಡಿ

"ಮೇಡಂ, ನಿದ್ದೆ ಬಂತಾ?"

ಅವನು ಅವಳೊಂದಿಗೆ ಆಡಿದ ಮೊದಲ ಮಾತು ಅದು. ಲ್ಯಾಬಿನ ಬಾಗಿಲಲ್ಲಿ ಎಣ್ಣೆಯ ಬಾಟಲಿ ಹಿಡಿದು ನಿಂತಿದ್ದ. ಅವಳು ಯಂತ್ರದ ಮುಂದೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕೂತಿದ್ದಳು.

"ನಿದ್ದೆ ಅಲ್ಲ. ಬಾಟಲಿ ಅಲ್ಲಿಟ್ಟು ಹೋಗಿ," ಎಂದಳು ಸಿಡುಕಿ.

ಅಷ್ಟರಲ್ಲಿ ಯಂತ್ರದೊಳಗೆ ಚಟ್ ಎಂದು ಕಿಡಿ ಹಾರಿತು. ಅವಳ ಭುಜಗಳೆರಡೂ ಕಿವಿಯವರೆಗೆ ಏರಿದವು. ಅವನು ಬಾಟಲಿ ಇಟ್ಟ, ಆದರೆ ಹೋಗಲಿಲ್ಲ.

"ಹೆದರ್ತೀರಾ?"

"ಹೌದು. ಏನೀಗ?"

ಅದು ಕರೆಂಟಿನ ಗಾಡಿಗಳಿಗೆ ಮೋಟಾರು ತಯಾರಿಸುವ ಕಾರ್ಖಾನೆ. ಹೊಸ ಮೋಟಾರು ಎಷ್ಟು ಕಾಯುತ್ತಿತ್ತೆಂದರೆ, ಸುತ್ತಲೂ ನೀರು ಹರಿಸಿದರೆ ಸಾಲುತ್ತಿರಲಿಲ್ಲ. ತಾಮ್ರದ ಸುರುಳಿಗಳ ಮೇಲೆಯೇ ಎಣ್ಣೆ ಸುರಿಯುತ್ತಿರಬೇಕಿತ್ತು. ಆ ಎಣ್ಣೆ ಬಿಸಿಯನ್ನು ಹೊತ್ತೊಯ್ಯಬೇಕು, ಕರೆಂಟನ್ನು ಮಾತ್ರ ಕೂದಲೆಳೆಯಷ್ಟೂ ದಾಟಗೊಡಬಾರದು. ಅದನ್ನು ಪರೀಕ್ಷಿಸುವುದು ಅವಳ ಕೆಲಸ. ಪುಟ್ಟ ಪಾತ್ರೆಯಲ್ಲಿ ಎರಡು ಹಿತ್ತಾಳೆ ಗುಂಡುಗಳು ಎದುರುಬದುರು, ನಡುವೆ ಎಣ್ಣೆ. ಕಿಡಿ ಹಾರುವವರೆಗೆ ವೋಲ್ಟೇಜು ಏರಿಸುತ್ತ ಹೋಗಬೇಕು. ಯಂತ್ರದ ನಂಬರು ನಲವತ್ತು, ಅಂದರೆ ನಲವತ್ತು ಸಾವಿರ ವೋಲ್ಟು, ದಾಟಿದ ಮೇಲೆ ಹಾರಿದರೆ ಎಣ್ಣೆ ಪಾಸು. ಅದಕ್ಕಿಂತ ಮುಂಚೆ ಹಾರಿದರೆ ಅಂಥ ಗಾಡಿ ಶೆಡ್ ಬಿಟ್ಟು ಹೊರಡುವಂತಿಲ್ಲ. ಕಾರ್ಖಾನೆಯವರೆಲ್ಲ ಅವಳನ್ನು 'ಎಣ್ಣೆ ಡಾಕ್ಟ್ರು' ಎನ್ನುತ್ತಿದ್ದರು. ಅವನು ಗಾಡಿಗಳನ್ನು ಓಡಿಸಿ ಪರೀಕ್ಷಿಸುವ ಡ್ರೈವರ್. ಅವನ ಹೆಸರು 'ಗಾಳಿ' ಎಂದಾಗಿ ಎಷ್ಟೋ ವರ್ಷವಾಗಿತ್ತು.

"ಕಿಡಿಗೆ ಹೆದರೋರು ಕಿಡಿ ಹಾರಿಸೋ ಕೆಲಸಕ್ಕೆ ಯಾಕೆ ಸೇರಿದ್ರಿ?" ಎಂದು ಅವನು ಇನ್ನೊಂದು ದಿನ ಕೇಳಿದ.

ಅವಳು ಹೇಳಿದಳು. ಅಪ್ಪ ಲೈನ್‌ಮನ್ ಆಗಿದ್ದರು. ಅವಳಿಗೆ ಎಂಟು ವರ್ಷವಿದ್ದಾಗ, ಕಂಬದ ಮೇಲೆ ಅಪ್ಪನ ಕೈಯಿಂದ ನೀಲಿ ಬೆಳಕು ಸಿಡಿದದ್ದನ್ನು ಕೆಳಗೆ ನಿಂತು ಕಂಡಿದ್ದಳು. ಅಪ್ಪ ಬದುಕಿಕೊಂಡರು. ಬಲಗೈಯ ಮೂರು ಬೆರಳು ಉಳಿಯಲಿಲ್ಲ.

"ಹೆದರಿಕೆ ಇಲ್ಲದೋರ ಕೈಗೆ ಈ ಕೆಲಸ ಕೊಡಬಾರದು. ಅದಕ್ಕೇ ಸೇರಿದೆ."

ಎಲ್ಲದಕ್ಕೂ ನಗುವ ಮನುಷ್ಯ ಆ ದಿನ ನಗಲಿಲ್ಲ. ಮರುದಿನ ಬೆಳಿಗ್ಗೆ ಬಂದವನೇ ಸ್ಟೂಲ್ ಎಳೆದುಕೊಂಡು ಯಂತ್ರದ ಪಕ್ಕ ಕೂತ. "ನೀವು ಕಣ್ಣು ಮುಚ್ಕೊಳ್ಳಿ. ನಂಬರು ನಾನು ಓದ್ತೀನಿ."

ಆಮೇಲೆ ದಿನವೂ ಹಾಗೇ ಆಯಿತು. "ಇಪ್ಪತ್ತು... ಮೂವತ್ತು... ಮೂವತ್ತೈದು..." ಮಗುವನ್ನು ಮೆಟ್ಟಿಲು ಹತ್ತಿಸುವವನ ಹಾಗೆ ಮೆಲ್ಲಗೆ ಓದುತ್ತಿದ್ದ. ಕಿಡಿ ಹಾರಿದ ಮೇಲೆ ಅವಳು ಕಣ್ಣು ತೆರೆದರೆ ಮೊದಲು ಕಾಣುತ್ತಿದ್ದುದು ಅವನ ಮುಖ. ಎಡಹುಬ್ಬಿನ ಮೇಲೊಂದು ಹಳೆಯ ಗಾಯದ ಗೆರೆ, ಅದರ ಕೆಳಗೆ ನೋಡಿಯೂ ನೋಡದಂತಿರುವ ಕಣ್ಣು.

"ನನ್ನ ಮುಖದಲ್ಲೇನು ನಂಬರು ಬರೆದಿದ್ಯಾ?" ಎಂದು ಅವಳು ಗದರುವಳು.

"ಬರೆದಿದೆ. ಓದೋಕೆ ಧೈರ್ಯ ಸಾಲ್ತಿಲ್ಲ."

ಮೂರು ತಿಂಗಳು ಇಷ್ಟರಲ್ಲೇ ಕಳೆದವು. ಅವನು ಒಂದು ಹೆಜ್ಜೆ ಮುಂದೆ ಬಂದರೆ ಅವಳು ಹಿಂದೆ ಸರಿಯುತ್ತಿದ್ದಳು. ದಿನಾ ಅಪಾಯದ ಗಾಡಿ ಓಡಿಸುವವನು. ಕಂಬದ ಕೆಳಗೆ ನಿಂತು ಮೇಲೆ ನೋಡುವುದು ಜೀವಮಾನಕ್ಕೆ ಒಂದೇ ಸಲ ಸಾಕು ಎನಿಸುತ್ತಿತ್ತು ಅವಳಿಗೆ.

ಆ ಗುರುವಾರ ನಾಲ್ಕನೇ ಗಾಡಿ ಬೆಟ್ಟ ಹತ್ತಬೇಕಿತ್ತು. ಹಿಂದಿನ ದಿನವಷ್ಟೇ ಅದನ್ನು ಮೊಣಕಾಲುದ್ದದ ನೀರಿನ ಹೊಂಡದಲ್ಲಿ ಓಡಿಸಿ ನೋಡಿದ್ದರು. ನೀರಿಗಿಳಿದ ಗಾಡಿಯ ಒಳಗಿನ ಎಣ್ಣೆ ತೆಗೆದು ಪರೀಕ್ಷಿಸದೆ ಮತ್ತೆ ಓಡಿಸಬಾರದೆಂಬುದು ನಿಯಮ. ಅವನು ಎಂಟೂವರೆಗೇ ಬಾಟಲಿ ತಂದ.

"ಐವತ್ತು... ಅರವತ್ತು... ಅರವತ್ತೆರಡು!" ಎಂದ. ಕಿಡಿ ಹಾರಿತು. "ಸಂಜೆ ಕಾಫಿ ನಿಮ್ಮದು."

ಗಾಡಿ ಹೊರಡಬಹುದೆಂದು ಅವಳು ನಗುತ್ತ ಸಹಿ ಹಾಕಿದಳು. ಅವನು "ಹೋಗ್ಬರ್ತೀನಿ" ಎಂದ. ಮತ್ತೊಮ್ಮೆ "ಹೋಗ್ಬರ್ತೀನಿ" ಎಂದು ಬಾಗಿಲಲ್ಲೇ ನಿಂತ.

"ಹೋಗಿ ಮಾರಾಯ್ರೇ!"

ಹತ್ತು ಗಂಟೆಗೆ ಮೀಟಿಂಗ್ ಮುಗಿಸಿ ಬಂದು ಪಾತ್ರೆ ತೊಳೆಯಲು ಎತ್ತಿಕೊಂಡವಳು ಹಾಗೇ ನಿಂತುಬಿಟ್ಟಳು. ಎಣ್ಣೆ ನೀರಿನಷ್ಟು ತಿಳಿಯಾಗಿತ್ತು. ಮೂರು ವಾರ ಮೋಟಾರಿನೊಳಗೆ ಸುತ್ತಿದ ಎಣ್ಣೆ ಜೇನಿನ ಬಣ್ಣಕ್ಕೆ ತಿರುಗಿರಬೇಕು. ಇದು ಹೊಸ ಎಣ್ಣೆಯ ಡ್ರಮ್ಮಿನಿಂದ ಈಗಷ್ಟೇ ತೆಗೆದಂತಿದೆ.

ನಾನೇ ಬಾಟಲಿ ಅದಲುಬದಲು ಮಾಡಿದೆನೇ? ಮೇಜಿನ ಮೇಲೆ ಇನ್ನೊಂದು ಬಾಟಲಿಯೇ ಇರಲಿಲ್ಲ.

ಶೆಡ್ಡಿಗೆ ಓಡಿದಳು. ನಾಲ್ಕನೇ ಗಾಡಿಯ ಜಾಗ ಖಾಲಿ. ವಯಸ್ಸಾದ ಮೇಸ್ತ್ರಿಯೊಬ್ಬರು ಸ್ಪ್ಯಾನರ್ ಒರೆಸುತ್ತ ಕೂತಿದ್ದರು.

"ಮೇಸ್ತ್ರಿಗಳೇ, ಆ ಗಾಡಿ ಎಣ್ಣೆ ಎಲ್ಲಾದ್ರೂ ಸ್ವಲ್ಪ ಇದ್ಯಾ?"

"ನಿನ್ನೆ ಸಂಜೆ ಪೈಪ್ ಬದಲಾಯಿಸುವಾಗ ಒಂದೆರಡು ಲೀಟರ್ ಇಳಿಸಿದ್ದೆ. ಅಗೋ, ಆ ಡಬ್ಬದಲ್ಲಿದೆ."

ಮುಚ್ಚಳ ತೆಗೆದಳು. ಹಾಲು ಬೆರೆಸಿದ ಹಾಗೆ ಮಬ್ಬು ಮಬ್ಬು.

"ಓಡಿ ಬಂದ ಗಾಡಿಯಲ್ವಾ, ನೊರೆ ಇರ್ಬೇಕು ಅಂದ್ಕೊಂಡೆ," ಎಂದರು ಮೇಸ್ತ್ರಿ.

"ನೊರೆ ಆಗಿದ್ರೆ ಇಷ್ಟು ಹೊತ್ತಿಗೆ ಇಳೀಬೇಕಿತ್ತು. ಇದು ನೀರು."

ಡಬ್ಬ ಎದೆಗವಚಿಕೊಂಡು ಲ್ಯಾಬಿಗೆ ಬಂದಳು. ಅವಸರದಲ್ಲಿ ಪಾತ್ರೆ ತುಂಬುವಾಗ ಎಣ್ಣೆ ಮೇಜಿನ ಮೇಲೆಲ್ಲ ಚೆಲ್ಲಿತು. ನಂಬರು ಓದಲು ಯಾರೂ ಇಲ್ಲ. ಕಣ್ಣು ಬಿಟ್ಟುಕೊಂಡೇ ಗುಂಡಿ ಒತ್ತಿದಳು. ಎಂಟು. ಒಂಬತ್ತು. ಹತ್ತು. ಹನ್ನೊಂದು.

ಚಟ್!

ನೀಲಿ ಬೆಳಕು ಕಣ್ಣಿಗೇ ಹೊಡೆದಂತಾಯಿತು. ಅವಳು ರೆಪ್ಪೆ ಮುಚ್ಚಲಿಲ್ಲ. ಅವಳಿಗೆ ಕಾಣುತ್ತಿದ್ದುದು ಬೆಟ್ಟದ ರಸ್ತೆ. ಸುರುಳಿಯಲ್ಲಿ ಹೀಗೊಂದು ಕಿಡಿ ಹಾರಿದರೆ ಮೋಟಾರು ಸೆಟೆದು ನಿಲ್ಲುತ್ತದೆ. ಇಳಿಜಾರಿನ ತಿರುವಿನಲ್ಲಿ ಚಕ್ರ ಹಿಡಿದುಕೊಂಡರೆ ಸ್ಟೇರಿಂಗ್ ಹಿಡಿದ ಕೈ ಎಷ್ಟು ಪಳಗಿದ್ದರೂ ಒಂದೇ.

ಕಂಟ್ರೋಲ್ ರೂಮಿಗೆ ನುಗ್ಗಿದಾಗ ಅವಳಿಗೆ ಉಸಿರೇ ಇರಲಿಲ್ಲ. ಪರೀಕ್ಷಾ ವಿಭಾಗದ ಚೀಫ್ ತಲೆ ಎತ್ತಿದರು.

"ಸರ್, ನಾಲ್ಕನೇ ಗಾಡಿ ನಿಲ್ಸಿ. ಎಣ್ಣೆಗೆ ನೀರು ಸೇರಿದೆ."

"ಬೆಳಿಗ್ಗೆ ಸಹಿ ಹಾಕಿದ್ದು ನೀವೇ ಅಲ್ವಾ?"

"ಹೌದು ಸರ್. ನನ್ನ ಸಹಿ ತಪ್ಪು. ಆಮೇಲೆ ಬೈಯಿರಿ, ಈಗ ನಿಲ್ಸಿ!"

ಚೀಫ್ ಅವಳ ಮುಖ ನೋಡಿ ಎರಡನೇ ಪ್ರಶ್ನೆ ಕೇಳಲಿಲ್ಲ. ರೇಡಿಯೋ ಎತ್ತಿ ಕರೆದರು. ಬರೀ ಗೊರಗೊರ. ಮತ್ತೆ ಕರೆದರು.

"ಬೆಟ್ಟದ ಆ ಮಗ್ಗುಲಲ್ಲಿದ್ದಾನೆ. ತುದಿಗೆ ಬರೋವರೆಗೂ ಕೇಳ್ಸಲ್ಲ."

ಕಾದರು. ಗೋಡೆಯ ಗಡಿಯಾರದ ಮುಳ್ಳು ಅಲುಗಿದಂತೆಯೇ ಕಾಣಲಿಲ್ಲ. ಅವಳಿಗೆ ಅಪ್ಪನ ಕೈ ನೆನಪಾಯಿತು. ದೇವರೇ ದೇವರೇ ಎನ್ನುವುದನ್ನು ಬಿಟ್ಟರೆ ಮನಸ್ಸಿನಲ್ಲಿ ಒಂದು ಮಾತೂ ಮೂಡಲಿಲ್ಲ.

"...ನಾಲ್ಕನೇ ಗಾಡಿ," ಎಂದಿತು ರೇಡಿಯೋ. "ತುದಿ ಮುಟ್ಟಿದೀನಿ. ಸ್ವಲ್ಪ ಸುಟ್ಟ ವಾಸನೆ ಬರ್ತಿದೆ. ಇಳಿಯೋಕೆ ಶುರು..."

ಚೀಫ್ ಕೈಯಿಂದ ಅವಳು ಮೈಕು ಕಸಿದುಕೊಂಡಳು. "ಇಳೀಬೇಡಿ! ಅಲ್ಲೇ ನಿಲ್ಸಿ!"

"ಯಾರು, ಡಾಕ್ಟ್ರಾ? ಕಾಫಿಗೆ ಇನ್ನೂ ಟೈಮಿದೆ..."

"ತಮಾಷೆ ಬೇಡ! ಹ್ಯಾಂಡ್‌ಬ್ರೇಕ್ ಎಳಿ. ಕೆಂಪು ಸ್ವಿಚ್ ಒತ್ತು. ಬಾಗಿಲು ತೆಗೆದು ಎರಡೂ ಕಾಲು ಜೋಡಿಸ್ಕೊಂಡು ದೂರಕ್ಕೆ ನೆಗಿ. ನೆಲಕ್ಕೆ ಕಾಲಿಟ್ಟ ಮೇಲೆ ಗಾಡಿ ಮುಟ್ಬೇಡ, ಅದರ ಮೈಗೆಲ್ಲ ಕರೆಂಟ್ ಹರಿದಿರ್ಬಹುದು. ಕೇಳಿಸ್ತಾ? ನಿಂಗೇನಾದ್ರೂ ಆದ್ರೆ ನಾನು ಉಳಿಯೋಳಲ್ಲ ಕಣೋ!"

ಮೂರು ತಿಂಗಳಲ್ಲಿ ಅವಳು ಅವನನ್ನು ಏಕವಚನದಲ್ಲಿ ಕರೆದದ್ದೇ ಇಲ್ಲ. ಕೋಣೆಯಲ್ಲಿದ್ದ ನಾಲ್ಕು ಜನವೂ ನೆಲ ನೋಡಿದರು.

"ಸರಿ," ಎಂದಿತು ರೇಡಿಯೋ. ಆ ದನಿಯಲ್ಲಿ ನಗು ಇರಲಿಲ್ಲ. ಬಾಗಿಲು ತೆರೆದ ಸದ್ದಾಯಿತು, ಏನೋ ದಡ್ ಎಂದಿತು. ಆಮೇಲೆ ನಿಶ್ಶಬ್ದ.

ಜೀಪು ಬೆಟ್ಟ ಹತ್ತಲು ಹದಿನಾಲ್ಕು ನಿಮಿಷ ಹಿಡಿಯಿತು. ಚೀಫ್ ಓಡಿಸುತ್ತಿದ್ದರು. ಅವಳು ಮುಂದಿನ ಹಿಡಿಕೆಯನ್ನು ಹಿಡಿದ ಹಿಡಿತಕ್ಕೆ ಉಗುರು ಬೆಳ್ಳಗಾಗಿದ್ದವು. ಪ್ರತಿ ತಿರುವಿನಲ್ಲೂ ಮೊದಲು ರಸ್ತೆಯ ಅಂಚಿನಾಚೆ, ಕೆಳಗೆ, ನೋಡುತ್ತಿದ್ದಳು.

ತುದಿಯಲ್ಲಿ ಗಾಡಿ ನಿಂತಿತ್ತು. ಅದರ ಅಡಿಯಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ನಲವತ್ತು ಹೆಜ್ಜೆ ದೂರದ ಕಲ್ಲುಕಟ್ಟೆಯ ಮೇಲೆ ಅವನು ಕೂತಿದ್ದ. ಪ್ಯಾಂಟು ಹರಿದು ಮೊಣಕಾಲಿನಿಂದ ರಕ್ತ ಇಳಿಯುತ್ತಿತ್ತು. ಇದ್ದ, ಕೂತಿದ್ದ, ಉಸಿರಾಡುತ್ತಿದ್ದ. ಜೀಪಿನಿಂದಿಳಿದವಳು ರಸ್ತೆಯಲ್ಲೇ ಕೂತುಬಿಟ್ಟಳು.

ಅವನು ಕುಂಟುತ್ತ ಬಂದು ಎದುರಿಗೆ ಕೂತ. ಮುಖ ಸುಣ್ಣದ ಹಾಗಿತ್ತು.

"ಆ ಬಾಟಲಿ ಗಾಡಿಯದ್ದಲ್ಲ," ಎಂದ. "ಹೊಸ ಡ್ರಮ್ಮಿಂದ ತುಂಬಿಸ್ಕೊಂಡು ಬಂದೆ."

"ಯಾಕೆ?"

"ಗಾಡಿಯಿಂದ ಎಣ್ಣೆ ಇಳಿಸೋಕೆ ಅರ್ಧ ಗಂಟೆ ಬೇಕು. ಒಂಬತ್ತಕ್ಕೆ ನಿಮ್ಮ ಮೀಟಿಂಗು. ಅಷ್ಟರೊಳಗೆ ನಿಮ್ಮನ್ನ ಒಂದ್ಸಲ ನೋಡ್ಕೊಂಡು ಹೋಗೋಣ ಅಂತ..."

ಅವಳು ಅವನ ಎದೆಗೆ ಗುದ್ದಿದಳು. ಒಂದಲ್ಲ, ನಾಲ್ಕು ಸಲ. "ಅರ್ಧ ಗಂಟೆಗಾ? ನನ್ನ ಮುಖ ನೋಡೋಕೆ ಸಾಯೋಕೆ ಹೊರಟಿದ್ಯಾ? ಆಮೇಲೆ ನಾನು ಯಾರ ಮುಖ ನೋಡ್ಲಿ?"

ಅವನು ತಡೆಯಲಿಲ್ಲ. ಕೊನೆಯ ಗುದ್ದಿನ ಮೇಲೆ ಅವಳ ಮುಷ್ಟಿ ಅಲ್ಲೇ, ಅವನ ಅಂಗಿಯ ಮೇಲೆಯೇ ಉಳಿಯಿತು. ಅದರಡಿಯಲ್ಲಿ ಅವನ ಎದೆ ಹೊಡೆದುಕೊಳ್ಳುತ್ತಿತ್ತು.

"ನಂದೂ ತಪ್ಪಿದೆ," ಎಂದಳು ಸಣ್ಣಗೆ. "ಬಣ್ಣ ನೋಡಿದ್ರೆ ಗೊತ್ತಾಗ್ತಿತ್ತು. ನಾನು ನಿನ್ನನ್ನ ನೋಡ್ತಾ ಕೂತಿದ್ದೆ."

ಚೀಫ್ ಹತ್ತಿರ ಬಂದು ಕೆಮ್ಮಿದರು. ಅವನು ಎದ್ದು ನಿಂತು, ಬಾಟಲಿಯ ವಿಷಯ ಒಂದಕ್ಷರ ಬಿಡದೆ ಹೇಳಿದ. ಅವಳು ಅವನ ಪಕ್ಕದಲ್ಲಿ ನಿಂತು ತನ್ನ ಪಾಲಿನದನ್ನು ಸೇರಿಸಿದಳು.

ಮಧ್ಯಾಹ್ನ ಮೋಟಾರು ಬಿಚ್ಚಿದಾಗ ಒಂದು ಸುರುಳಿ ಕರ್ರಗೆ ಸೀದಿತ್ತು. "ಎರಡು ತಿರುವು ಇಳಿದಿದ್ರೆ ಮುಗೀತಿತ್ತು," ಎಂದರು ಮೇಸ್ತ್ರಿ. ಅವನನ್ನು ಆರು ತಿಂಗಳು ಸ್ಟೇರಿಂಗಿನಿಂದ ಇಳಿಸಿ ಸ್ಟೋರಿಗೆ ಹಾಕಿದರು. ಅವಳ ಸಹಿಯ ಅಧಿಕಾರ ವರ್ಷದ ಕೊನೆಯವರೆಗೆ ಹೋಯಿತು. ಇಬ್ಬರೂ ಒಪ್ಪಿಕೊಂಡರು.

ಸಂಜೆ ಗೇಟಿನಿಂದ ಹೊರಬಿದ್ದವನು ಅಲ್ಲೇ ನಿಂತ. ಬೆಟ್ಟದ ಮೇಲಿದ್ದುದಕ್ಕಿಂತ ದೊಡ್ಡ ಹೆದರಿಕೆ ಈಗ ಬಂದಿತ್ತು. ಮನೆಯಲ್ಲಿ ಅಮ್ಮನಿಗೆ ಹೇಗೆ ಹೇಳುವುದೆಂದು ತಿಳಿಯುತ್ತಿಲ್ಲ ಎಂದ.

"ನಾನೂ ಬರ್ತೀನಿ, ನಡಿ."

"ಯಾರು ಅಂತ ಹೇಳ್ಲಿ?"

"ಬಯ್ಯೋಕೆ ಬಂದೋಳು ಅನ್ನು. ಮಿಕ್ಕಿದ್ದು ನಾನು ಹೇಳ್ತೀನಿ."

ಬಾಗಿಲು ತೆರೆದ ಹೆಂಗಸಿನ ಕೊರಳಲ್ಲಿ ಬಟ್ಟೆ ಅಳೆಯುವ ಟೇಪು ನೇತಾಡುತ್ತಿತ್ತು. ಮಗನ ಮೊಣಕಾಲಿನ ಬ್ಯಾಂಡೇಜು ನೋಡಿದರು, ಪಕ್ಕದಲ್ಲಿದ್ದ ಹುಡುಗಿಯನ್ನು ನೋಡಿದರು, ಒಳಗೆ ಕರೆದು ಕೂರಿಸಿದರು. ಅವಳೇ ಎಲ್ಲ ಹೇಳಿದಳು. ಡ್ರಮ್ಮಿನ ಎಣ್ಣೆ, ಹನ್ನೊಂದರ ಕಿಡಿ, ರೇಡಿಯೋದಲ್ಲಿ ಕೂಗಿದ್ದು. ಇವರನ್ನೇ ಮದುವೆಯಾಗುವೆನೆಂದೂ ಅದೇ ಉಸಿರಿನಲ್ಲಿ ಹೇಳಿಬಿಟ್ಟಳು. ಅವನು ಬೆರಗಾಗಿ ತಿರುಗಿ ನೋಡಿದ.

ಅಮ್ಮ ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದರು. ಕೊನೆಗೆ ಕೇಳಿದರು, "ನೀನು ನೆಗಿ ಅಂದ ತಕ್ಷಣ ಇವನು ನೆಗೆದ್ನಾ?"

"ತಕ್ಷಣ ನೆಗೆದ್ರು, ಅಮ್ಮಾ."

"ಹುಟ್ಟಿದಾಗಿನಿಂದ ನನ್ನ ಒಂದು ಮಾತನ್ನೂ ಇವನು ಮೊದಲ್ನೇ ಸಲಕ್ಕೆ ಕೇಳಿದೋನಲ್ಲ," ಎಂದು ಅವಳ ಮಣಿಕಟ್ಟು ಹಿಡಿದುಕೊಂಡರು. "ಇನ್ಮೇಲೆ ನೀನೇ ಹೇಳಮ್ಮ."

ಬೆಳಗಿನಿಂದ ತಡೆದಿಟ್ಟಿದ್ದ ಅಳು ಅವಳಿಗೆ ಆಗ ಬಂತು. ಅವನು ಕುಂಟುತ್ತ ಎದ್ದು ಬಂದು, ಅಮ್ಮನ ಎದುರಿಗೇ, ಅವಳ ಇನ್ನೊಂದು ಕೈ ಹಿಡಿದುಕೊಂಡ.